‘ದಣಿದರೆ ನಾಯಿ ತಾನೇ ನಿಲ್ಲುತ್ತದೆ’ ಎಂಬುದು ನಿಜವೇ? ನಾಯಿ ಜೊತೆ ಗುಡ್ಡ ಹತ್ತುವ ಮುನ್ನ ತಿಳಿದಿರಬೇಕಾದ್ದು

“ನಾಯಿಗೇನ್ರಿ, ದಣಿದ್ರ ತಾನ ಕೂಡ್ತೈತಿ.”

ನಾಯಿ ಸಾಕಿದವರೆಲ್ಲ ಒಮ್ಮೆಯಾದರೂ ಕೇಳಿರುವ ಮಾತಿದು. ನಾನೂ ಇದನ್ನು ನಂಬಿದ್ದೆ, ಎರಡು ವರ್ಷದ ಹಿಂದಿನ ಒಂದು ಮಾರ್ಚ್ ತಿಂಗಳವರೆಗೆ.

ಕಲಘಟಗಿ ತಾಲ್ಲೂಕಿನ ಬೂದನಗುಡ್ಡ ನಮಗೆ ಅಚ್ಚುಮೆಚ್ಚಿನ ಜಾಗ. ಬಸವಣ್ಣನ ಗುಡಿ, ಸುತ್ತ ಕಾಡು, ಒಳ್ಳೆಯ ಗಾಳಿ. ಜೊತೆಗೆ ಬರುತ್ತಿದ್ದವು ಎರಡು ನಾಯಿಗಳು. ಕರಿಯಾ ನಮ್ಮ ಓಣಿಯಲ್ಲೇ ಹುಟ್ಟಿದ್ದು, ರಾಜಾ ಲ್ಯಾಬ್ರಡಾರ್. ಆ ದಿನ ಮನೆ ಬಿಟ್ಟಿದ್ದೇ ತಡವಾಯಿತು. ಇಳಿಯುವಾಗ ಹನ್ನೊಂದು ಗಂಟೆ. ರಾಜಾ ಬಾಲ ಆಡಿಸುತ್ತಲೇ ಬರುತ್ತಿದ್ದ. ಹಾಗೆ ಬರುತ್ತಿದ್ದವನು ಒಮ್ಮೆಲೇ ತೂರಾಡಿ ಬಿದ್ದ. ನಾಲಿಗೆ ಕಡುಗೆಂಪು, ಕಣ್ಣು ಎಲ್ಲೋ. ದಾರಿಯಲ್ಲಿದ್ದ ಒಬ್ಬರು ಮೊಬೈಲ್ ತೋರಿಸಿ, “ಮೈಮ್ಯಾಲ ತಣ್ಣೀರ್ ಹಾಕಬ್ಯಾಡ್ರಿ, ಶಾಕ್ ಆಗಿ ಸಾಯ್ತೈತಿ. ಇಲ್ಲಿ ಬಂದೈತಿ ನೋಡ್ರಿ” ಎಂದರು. ಇನ್ನೊಬ್ಬರು ಈರುಳ್ಳಿ ಜಜ್ಜಿ ಪಾದಕ್ಕೆ ಹಚ್ಚಿ ಎಂದರು. ನಾವು ಕೈಯಲ್ಲಿದ್ದ ಎರಡು ಬಾಟಲಿ ನೀರನ್ನೂ ಅವನ ಮೇಲೆ ಸುರಿದೆವು. ಮೂರು ದಿನ ಸಲೈನ್ ಏರಿಸಿದ ಮೇಲೆ ಅವನು ಉಳಿದ.

ಕರಿಯಾ ಮಾತ್ರ ಅದಕ್ಕೆ ಅರ್ಧ ಗಂಟೆ ಮುಂಚೆಯೇ ಬೆಲ್ಟ್ ಜಗ್ಗಿ ಒಂದು ಮರದ ನೆರಳಿಗೆ ಹೋಗಿ ಕುಳಿತಿತ್ತು. ನಾವೇ ಎಬ್ಬಿಸಿಕೊಂಡು ಬಂದಿದ್ದೆವು.

ಈ ಲೇಖನ ಆ ತಪ್ಪಿನಿಂದ ಹುಟ್ಟಿದ್ದು. ನಾಯಿ ಮತ್ತು ಹವಾಮಾನದ ಬಗ್ಗೆ ಓಡಾಡುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂಬುದನ್ನು ಒಂದೊಂದು ಕಾಲಕ್ಕೆ ಹೊಂದಿಸಿ ನೋಡೋಣ.

ನಾಯಿ ಬೆವರುವುದಿಲ್ಲವೇ?

ಬೆವರುತ್ತದೆ, ಆದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಮನುಷ್ಯನಿಗೆ ಮೈಯೆಲ್ಲ ಬೆವರಿನ ಗ್ರಂಥಿಗಳಿವೆ. ಬೆವರು ಆರುವಾಗ ಮೈಯ ಶಾಖವನ್ನು ಒಯ್ಯುತ್ತದೆ. ನಾಯಿಗೆ ಇಂಥ ಗ್ರಂಥಿಗಳಿರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಅಷ್ಟರಿಂದ ಇಡೀ ಮೈ ತಣಿಯದು. ಹಾಗಾಗಿ ಅದು ಬಾಯಿ ತೆರೆದು, ನಾಲಿಗೆ ಚಾಚಿ ತೇಕುತ್ತದೆ. ಬಾಯಿ, ನಾಲಿಗೆ, ಮೂಗಿನೊಳಗಿನ ತೇವ ಆವಿಯಾಗಿ ಶಾಖ ಹೊರಗೆ ಹೋಗುತ್ತದೆ.

ಇದರಲ್ಲಿ ಎರಡು ಕೊರತೆಗಳಿವೆ. ಮೊದಲನೆಯದು, ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬಾಯಿಯ ತೇವ ಬೇಗ ಆವಿಯಾಗದು. ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗದಿರುವುದಕ್ಕೂ ಇದೇ ಕಾರಣ. ಎರಡನೆಯದು, ಗುಡ್ಡ ಹತ್ತುವಾಗ ಸ್ನಾಯುಗಳು ಬಳಸುವ ಶಕ್ತಿಯ ಹೆಚ್ಚಿನ ಪಾಲು, ಸುಮಾರು ಮುಕ್ಕಾಲು ಭಾಗ, ಶಾಖವಾಗಿಯೇ ಹೊರಬೀಳುತ್ತದೆ. ಅಂದರೆ ಬಿಸಿಲು ಹೊರಗಿನಿಂದ ಸುಟ್ಟರೆ ಏರುದಾರಿ ಒಳಗಿನಿಂದ ಸುಡುತ್ತದೆ.

ನಾಯಿಯ ಸಹಜ ದೇಹತಾಪವೇ ನಮಗಿಂತ ಹೆಚ್ಚು, ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಮೆದುಳು, ಮೂತ್ರಪಿಂಡ, ಕರುಳಿಗೆ ಪೆಟ್ಟು ಬೀಳತೊಡಗುತ್ತದೆ. ಸಹಜ ಸ್ಥಿತಿಗೂ ಸಾವಿನ ದಾರಿಗೂ ನಡುವೆ ಇರುವುದು ಎರಡು ಮೂರು ಡಿಗ್ರಿ ಮಾತ್ರ.

‘ದಣಿದರೆ ತಾನೇ ನಿಲ್ಲುತ್ತದೆ’

ಬಿಟ್ಟ ನಾಯಿ ನಿಲ್ಲುತ್ತದೆ. ಏಪ್ರಿಲ್ ಮಧ್ಯಾಹ್ನ ಕಲಘಟಗಿ ಬಸ್ ಸ್ಟ್ಯಾಂಡಿನ ಸುತ್ತ ನೋಡಿ. ಬೀದಿನಾಯಿಗಳು ನಿಂತ ಟ್ರ್ಯಾಕ್ಟರಿನ ಕೆಳಗೆ, ಚಹಾ ಅಂಗಡಿಯ ಬಾನಿಯ ಪಕ್ಕದ ಹಸಿ ನೆಲದಲ್ಲಿ ಮಲಗಿರುತ್ತವೆ. ‘ನಮ್ಮೂರ ನಾಯಿಗೆ ಬಿಸಿಲು ತಾಗಲ್ಲ’ ಎನ್ನುತ್ತೇವೆ. ನಿಜವೇನೆಂದರೆ, ಬಿಸಿಲಲ್ಲಿ ಅದು ತಿರುಗುವುದೇ ಇಲ್ಲ.

ಒಡೆಯನ ಜೊತೆಗಿರುವ ನಾಯಿಯ ಕತೆ ಬೇರೆ. ನೀವು ನಡೆದರೆ ಅದು ನಡೆಯುತ್ತದೆ. ಖುಷಿಗೆ ಓಡುತ್ತದೆ, ಚೆಂಡು ಎಸೆದರೆ ಇಪ್ಪತ್ತನೇ ಸಲವೂ ತರುತ್ತದೆ. ಬಾಲ ಆಡುತ್ತಿದೆ ಎಂದರೆ ಮೈ ತಂಪಾಗಿದೆ ಎಂದಲ್ಲ.

ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜು ಮತ್ತು ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದನ್ನೇ ಹೇಳುತ್ತವೆ. ಶಾಖದಿಂದ ಕಾಯಿಲೆಬಿದ್ದು ಪಶುವೈದ್ಯರ ಬಳಿ ಬಂದ ನಾಯಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ನಡಿಗೆ, ಓಟ, ಆಟದಂಥ ಶ್ರಮ. ಬಿಸಿಯಾದ ಕಾರಿನಲ್ಲಿ ಕೂಡಿಹಾಕಿದ್ದರಿಂದ ಬಂದವು ಸುಮಾರು ನೂರಕ್ಕೆ ಐದು ಮಾತ್ರ. ಒಂದು ವರ್ಷದ ದಾಖಲೆಗಳಲ್ಲಿ, ಹೀಗೆ ಕಾಯಿಲೆಬಿದ್ದ ಏಳು ನಾಯಿಗಳಲ್ಲಿ ಒಂದು ಸತ್ತಿತ್ತು. ಅದೂ ಬ್ರಿಟನ್ನಿನ ಬಿಸಿಲಿಗೆ!

ಎಲ್ಲ ನಾಯಿಗಳಿಗೂ ಅಪಾಯ ಒಂದೇ ಅಲ್ಲ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ತೇಕುವ ದಾರಿಯೇ ಕಿರಿದು. ದಪ್ಪಗಿರುವ, ವಯಸ್ಸಾದ, ದಟ್ಟ ಕೂದಲಿನ ನಾಯಿಗಳೂ ಬೇಗ ಸೋಲುತ್ತವೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ ತೆಳು ಮೈ, ಗಿಡ್ಡ ಕೂದಲು, ಉದ್ದ ಮೂತಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ತಳಿ ಬಿಸಿಲಿಗೆ ಉಳಿದವಕ್ಕಿಂತ ವಾಸಿ. ಆದರೆ ಅದಕ್ಕೂ ತಣಿಯಲು ನಾಲಿಗೆಯೇ ಗತಿ.

ಬೇಸಿಗೆ: ಹೋಳಿಯಿಂದ ಮಿರಗದ ತನಕ

ಹೆಚ್ಚು ಎಚ್ಚರ ಬೇಕಾದದ್ದು ಸುಡುವ ಮೇ ತಿಂಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಸೆಕೆ ಶುರುವಾಗುವ ಮಾರ್ಚ್ ಕೂಡ ಅಷ್ಟೇ ಅಪಾಯ. ಚಳಿಗಾಲ ಕಳೆದ ಮೈ ಬಿಸಿಗೆ ಒಗ್ಗಿಕೊಳ್ಳಲು ಕೆಲವು ವಾರ ಬೇಕು. ನಾವು ಎಡವಿದ್ದು ಇಲ್ಲೇ.

ಬೇಸಿಗೆಯಲ್ಲಿ ಹೊತ್ತು ಮೂಡುವಾಗ ಹೋಗಿ, ಬಿಸಿಲು ಏರುವ ಮುಂಚೆ ಮನೆ ಸೇರಿ. ಸಂಜೆಯಾದರೆ ನೆಲ ಆರುವ ತನಕ ಕಾಯಿರಿ. ಗಾಳಿಯ ತಾಪ 25 ಡಿಗ್ರಿ ಇದ್ದಾಗಲೂ ಬಿಸಿಲಲ್ಲಿ ಕಾದ ಡಾಂಬರು 50 ಡಿಗ್ರಿ ದಾಟಬಹುದು. ನಾವು ಚಪ್ಪಲಿ ಮೆಟ್ಟಿರುತ್ತೇವೆ, ನಾಯಿಯದು ಬರಿಗಾಲು. ನಿಮ್ಮ ಅಂಗೈಯ ಹಿಂಭಾಗವನ್ನು ನೆಲದ ಮೇಲೆ ಏಳು ಸೆಕೆಂಡು ಇಡಿ. ಇಡಲಾಗದಿದ್ದರೆ ನಾಯಿಯೂ ಅಲ್ಲಿ ನಡೆಯಬಾರದು. ಕಲ್ಲುಬಂಡೆಗೂ ಇದೇ ಪರೀಕ್ಷೆ.

‘ಕೂದಲು ಬೋಳಿಸಿದರೆ ತಂಪು’ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಪೊಮೇರಿಯನ್, ಜರ್ಮನ್ ಶೆಫರ್ಡ್‌ನಂಥ ನಾಯಿಗಳಿಗೆ ಎರಡು ಪದರದ ಕೂದಲಿರುತ್ತದೆ. ಅದು ಗುಡಿಸಲಿನ ಹುಲ್ಲುಚಾವಣಿಯಂತೆ ಹೊರಗಿನ ಬಿಸಿಲನ್ನು ತಡೆಯುತ್ತದೆ. ಬುಡಮಟ್ಟ ಬೋಳಿಸಿದರೆ ಚರ್ಮ ನೇರ ಬಿಸಿಲಿಗೆ ಸಿಗುತ್ತದೆ. ಉದುರಿದ ಕೂದಲನ್ನು ಬಾಚಿ ತೆಗೆದರೆ ಸಾಕು.

ಬಿಸಿಲು ಬಡಿದರೆ ಏನು ಮಾಡಬೇಕು?

ನಿಲ್ಲದ ತೇಕು, ಸುರಿಯುವ ಜೊಲ್ಲು, ಕಡುಗೆಂಪು ನಾಲಿಗೆ, ತೂರಾಟ, ವಾಂತಿ, ಕುಸಿದು ಬೀಳುವುದು ಲಕ್ಷಣಗಳು. ಇವು ಕಂಡರೆ ಮೊದಲು ತಣಿಸಿ, ಆಮೇಲೆ ಒಯ್ಯಿರಿ.

ನೆರಳಿಗೆ ತನ್ನಿ. ಸಿಕ್ಕ ನೀರನ್ನು ಮೈಮೇಲೆ, ಹೊಟ್ಟೆ, ತೊಡೆಸಂದಿಗೆ ಸುರಿಯಿರಿ. ಟವೆಲ್ಲಿನಿಂದಲೋ ರಟ್ಟಿನಿಂದಲೋ ಗಾಳಿ ಹಾಕಿ. ಮತ್ತೆ ನೀರು, ಮತ್ತೆ ಗಾಳಿ. ನೀರಿನ ತೊಟ್ಟಿ ಹತ್ತಿರವಿದ್ದು, ನಾಯಿ ಆರೋಗ್ಯವಂತ ಹರೆಯದ್ದಾಗಿದ್ದರೆ, ತಲೆ ಮೇಲಿಟ್ಟು ಕುತ್ತಿಗೆ ತನಕ ಮುಳುಗಿಸಿ ಹಿಡಿಯಬಹುದು. ಎಚ್ಚರವಿದ್ದರೆ ಕುಡಿಯಲು ನೀರಿಡಿ, ಬಾಯಿಗೆ ಬಲವಂತವಾಗಿ ಹೊಯ್ಯಬೇಡಿ. ಹಸಿ ಬಟ್ಟೆ ಹೊದಿಸಿ ಹಾಗೇ ಬಿಡಬೇಡಿ. ಸ್ವಲ್ಪ ಹೊತ್ತಿಗೆ ಅದೇ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಹಾಗಾದರೆ ‘ತಣ್ಣೀರು ಹಾಕಿದರೆ ಶಾಕ್’ ಎಂಬ ಮಾತು? ಇದು ಹಳೆಯ ಸಲಹೆ. ಈಗಿನ ಪಶುವೈದ್ಯಕೀಯ ಇದನ್ನು ಒಪ್ಪುವುದಿಲ್ಲ. ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಆದೀತು. ಬೆಚ್ಚನೆಯ ನೀರು ಹುಡುಕುತ್ತಾ ಕಳೆದ ಹತ್ತು ನಿಮಿಷವೇ ಜೀವ ತೆಗೆಯಬಹುದು.

‘ಪ್ಯಾರಸಿಟಮಾಲ್ ಕೊಡಿ, ಜ್ವರ ಇಳಿಯುತ್ತದೆ’ ಎಂಬುದು ಎರಡು ಪಟ್ಟು ತಪ್ಪು. ಇದು ಜ್ವರವಲ್ಲ, ಹೊರಹೋಗಲಾರದೆ ಒಳಗೆ ಸಿಕ್ಕಿಕೊಂಡ ಶಾಖ. ಮಾತ್ರೆಗೆ ಅದು ಇಳಿಯದು. ಮೇಲಾಗಿ ಮನುಷ್ಯರ ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಹುದು. ಈರುಳ್ಳಿಯಿಂದಲೂ ಮೈ ತಣಿಯದು. ನಾಯಿ ಅದನ್ನು ನೆಕ್ಕಿ ತಿಂದರೆ ಇನ್ನೊಂದು ಕೇಡು, ಏಕೆಂದರೆ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ನಾಯಿ ಎದ್ದು ಕುಳಿತರೂ ಪಶುವೈದ್ಯರಿಗೆ ತೋರಿಸಲೇಬೇಕು. ಒಳಗಿನ ಪೆಟ್ಟು ಹೊರಗೆ ಕಾಣಲು ಒಂದೆರಡು ದಿನ ಹಿಡಿಯಬಹುದು.

ಮಳೆಗಾಲ: ತಂಪು ಎಂದು ಮೈಮರೆಯಬೇಡಿ

ಕಲಘಟಗಿ ಮಲೆನಾಡಿನ ಸೆರಗು. ನವಲಗುಂದ, ಅಣ್ಣಿಗೇರಿಗಿಂತ ಇಲ್ಲಿ ಮಳೆ ಹೆಚ್ಚು. ಗುಡ್ಡ ಹಸಿರಾಗುವ ಈ ಕಾಲದಲ್ಲೇ ಫೋಟೊ ತೆಗೆಯುವವರೂ ಹೆಚ್ಚು.

ಮೊದಲ ಅಪಾಯ ಸಿಡಿಲು. ಅದರ ಹಾವಳಿ ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಮಳೆಯಲ್ಲೂ ಹಿಂಗಾರಿನಲ್ಲೂ ಹೆಚ್ಚು. ಮಿಂಚು ಕಂಡ ಮೇಲೆ ಎಣಿಸಿ. ಶಬ್ದ 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ಸಾಗುತ್ತದೆ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಗುಡ್ಡ ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಪಕ್ಕಾ ಕಟ್ಟಡ ಅಥವಾ ಗಾಜು ಮುಚ್ಚಿದ ಕಾರು ಸೇರಿ. ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಾಯಿರಿ. ‘ಮೊಬೈಲ್ ಸಿಡಿಲನ್ನು ಎಳೆಯುತ್ತದೆ’ ಎಂಬುದು ಸುಳ್ಳು. ಬದಲಿಗೆ ಮೊಬೈಲ್ ಈ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಗುಡುಗಿಗೆ ಬೆದರಿ ದಿಕ್ಕುತಪ್ಪಿ ಓಡುವ ನಾಯಿಗಳು ಬಹಳ. ಬೆಲ್ಟ್ ಬಿಗಿಯಾಗಿರಲಿ.

ಎರಡನೆಯದು ನಿಂತ ನೀರು. ಇಲಿ, ಹೆಗ್ಗಣಗಳ ಮೂತ್ರ ಸೇರಿದ ಹೊಂಡದ ನೀರಿನಿಂದ ಇಲಿ ಜ್ವರ ಬರುತ್ತದೆ. ಇದು ನಾಯಿಗೂ ಬರುತ್ತದೆ, ಅದರ ಮೂತ್ರದಿಂದ ಮನುಷ್ಯರಿಗೂ ತಗಲಬಹುದು. ನಾಯಿಗೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯಲ್ಲಿ ಇದಕ್ಕೂ ರಕ್ಷಣೆ ಇದೆಯೇ ಎಂದು ಪಶುವೈದ್ಯರನ್ನು ಕೇಳಿ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ.

ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುಡ್ಡದ ದಾರಿ ಹತ್ತಿ, ಗೋವಿನಜೋಳದ ಹೊಲಗಳ ಬದುವಿನ ಮೇಲೆ ಹಾದುಹೋಗುತ್ತದೆ. ಎಣ್ಣೆ ಹೊಡೆದ ಹೊಲದಲ್ಲಿ ನಾಯಿ ಓಡಾಡಿ, ಆಮೇಲೆ ಕಾಲು ನೆಕ್ಕಿದರೆ ವಿಷ ಹೊಟ್ಟೆಗೆ ಹೋಗುತ್ತದೆ. ಮನೆಗೆ ಬಂದೊಡನೆ ನಾಲ್ಕೂ ಕಾಲು ತೊಳೆಯಿರಿ.

ಮಳೆ ನಿಂತು ಬಿಸಿಲು ಬಿದ್ದಾಗ ಇನ್ನೊಂದು ಎಚ್ಚರ. ತಾಪಮಾನ 30 ಡಿಗ್ರಿ ಮಾತ್ರ ಇರಬಹುದು, ಆದರೆ ನೆಲದಿಂದ ಆವಿ ಏಳುತ್ತಿರುತ್ತದೆ. ನಾವು ಮೊದಲೇ ನೋಡಿದಂತೆ, ತೇವದ ಗಾಳಿಯಲ್ಲಿ ತೇಕಿದರೆ ಫಲ ಕಡಿಮೆ. ಇಂಥ ದಿನವೂ ನಾಯಿಗೆ ಬಿಸಿಲು ಬಡಿಯಬಹುದು.

ಚಳಿಗಾಲ: ಸೀಗಿ ಹುಣ್ಣಿಮೆಯ ನಂತರ

ಗುಡ್ಡಕ್ಕೆ ಹೋಗಲು ಇದೇ ಒಳ್ಳೆಯ ಕಾಲ. ಬೆಳಿಗ್ಗೆ ಮಂಜು, ಮಧ್ಯಾಹ್ನ ಹದವಾದ ಬಿಸಿಲು. ಆದರೂ ಎರಡು ಚಿಕ್ಕ ಶತ್ರುಗಳಿವೆ.

ಒಂದು, ಊಬಿನ ಹುಲ್ಲು. ಒಣಗಿದ ಮೇಲೆ ಅದರ ಬೀಜಕ್ಕೆ ಸೂಜಿಯಂಥ ಮೊನೆ, ಹಿಂದೆ ತಿರುಚಿದ ಬಾಲ. ತೇವಕ್ಕೆ ಆ ಬಾಲ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗುತ್ತಾ ಬೈರಿಗೆಯಂತೆ ಮುಂದೆ ಕೊರೆಯುತ್ತದೆ. ಬೀಜ ಮಣ್ಣಿನೊಳಗೆ ಇಳಿಯಲು ಪ್ರಕೃತಿ ಮಾಡಿದ ಏರ್ಪಾಡಿದು. ನಾಯಿಯ ಬೆರಳಸಂದಿ, ಕಿವಿಗೆ ಹೊಕ್ಕರೂ ಹಾಗೆಯೇ ಒಳಗೆ ಇಳಿದು ಕೀವು ಕಟ್ಟಿಸುತ್ತದೆ. ಮನೆಗೆ ಬಂದ ಮೇಲೆ ಬೆರಳು, ಕಿವಿ, ಕಂಕುಳು ನೋಡಿ. ನಾಯಿ ತಲೆ ಕೊಡವುತ್ತಲೇ ಇದ್ದರೆ ಕಿವಿಗೆ ಎಣ್ಣೆ ಬಿಡಬೇಡಿ, ವೈದ್ಯರಿಗೆ ತೋರಿಸಿ.

ಇನ್ನೊಂದು, ಉಣ್ಣೆ ಅಥವಾ ಉಣುಗು. ಇದು ವರ್ಷವಿಡೀ ಕಾಡುವಂಥದ್ದು. ಇದರಿಂದ ಬರುವ ಜ್ವರಗಳಲ್ಲಿ ನಾಯಿ ಊಟ ಬಿಡುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿಯಿಂದ ಸುಡುವುದು ಬೇಡ. ಚಿಮಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಿರಿ. ದನದ ಉಣ್ಣೆಗೆ ತಂದ ಔಷಧವನ್ನು ಅಂದಾಜಿನಲ್ಲಿ ನಾಯಿಗೆ ಬಳಿಯುವುದು ಹಳ್ಳಿಗಳಲ್ಲಿ ರೂಢಿ. ಪ್ರಮಾಣ ತಪ್ಪಿದರೆ ಅದೇ ವಿಷ. ನಾಯಿಯ ತೂಕ ಹೇಳಿ ವೈದ್ಯರಿಂದಲೇ ಔಷಧ ಪಡೆಯಿರಿ.

‘ಉಣ್ಣೆ ಇರುವ ನಾಯಿಯಿಂದ ಮಂಗನ ಕಾಯಿಲೆ ಬರುತ್ತದೆ’ ಎಂಬ ಭಯವೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಮನೆಯ ಗೋಡೆಸಂದಿಯಲ್ಲಿ, ನಾಯಿಯ ಗೂಡಿನಲ್ಲಿ ಕಾಣುವ ಕಂದು ಉಣ್ಣೆಯ ಜಾತಿ ಬೇರೆ. ಆದರೂ ನಾಯಿ ಕಾಡಿನ ಉಣುಗನ್ನು ಮೈಮೇಲೆ ಹೊತ್ತು ತರಬಹುದು. ಆದ್ದರಿಂದ ಕಾಡಿನಿಂದ ಬಂದ ಮೇಲೆ ನಾಯಿಯ ಮೈ, ನಿಮ್ಮ ಮೈ ಎರಡನ್ನೂ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಚಳಿಗೆ ಮರಿಗಳಿಗೆ ಬ್ರಾಂದಿ ಕುಡಿಸುವವರಿದ್ದಾರೆ. ಮದ್ಯದಿಂದ ಬೆಚ್ಚಗಾದಂತೆ ಅನ್ನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ನಿಜದಲ್ಲಿ ಶಾಖ ಹೊರಗೆ ಹೋಗುತ್ತಿರುತ್ತದೆ. ಮರಿಗೆ ಅದು ವಿಷ. ಒಣ ಗೋಣಿಚೀಲದ ಹಾಸಿಗೆಯೇ ಸಾಕು.

ಎಲ್ಲ ಕಾಲಕ್ಕೂ ಬೆಲ್ಟ್

‘ಗುಡ್ಡದಾಗರ ಆರಾಮ ಓಡಾಡ್ಲಿ ಬಿಡ್ರಿ’ ಎಂದು ಬಿಚ್ಚಿಬಿಡುವುದು ಪ್ರೀತಿಯಿಂದಲೇ. ಆದರೆ ಕಾಡಿನಂಚಿನ ಗುಡ್ಡ ಬರೀ ಮೈದಾನವಲ್ಲ. 2021ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ ನಗರದ ನೃಪತುಂಗ ಬೆಟ್ಟದ ಸುತ್ತಲೇ ಚಿರತೆ ಕಾಣಿಸಿಕೊಂಡಿತ್ತು. ಚಿರತೆಗೆ ನಾಯಿ ಸುಲಭದ ಬೇಟೆ, ಮುಂಜಾವು ಮತ್ತು ಮುಸ್ಸಂಜೆ ಅದರ ಹೊತ್ತು. ಬೇಸಿಗೆಯಲ್ಲಿ ನಾವು ಹೊರಡುವುದೂ ಅದೇ ಹೊತ್ತಿಗೆ. ಆದ್ದರಿಂದ ತೀರಾ ಕತ್ತಲಿರುವಾಗ ಹೋಗಬೇಡಿ, ಹೋದಾಗ ನಾಯಿ ಪಕ್ಕದಲ್ಲೇ ಇರಲಿ. ನಾಯಿಯಿಂದ ನವಿಲು, ಮೊಲ ಓಡಿಸುವುದು ಆಟವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಯಿ ಬಿಟ್ಟು ಬೆನ್ನಟ್ಟಿಸುವುದೂ ಬೇಟೆಯೇ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ನಡೆಸದೆ ಎತ್ತಿಕೊಂಡು ಹೋಗಿ. ಮನುಷ್ಯರಿಗೆ ಕೊಡುವ ಹಾವಿನ ವಿಷದ ಪ್ರತಿವಿಷವೇ ನಾಯಿಗೂ ಕೆಲಸ ಮಾಡುತ್ತದೆ. ರೇಬಿಸ್ ಲಸಿಕೆ ಪ್ರತಿ ವರ್ಷ ತಪ್ಪಬಾರದು. ಗುಡ್ಡದಲ್ಲಿ ಬೇರೆ ನಾಯಿ ನಿಮಗೆ ಕಚ್ಚಿದರೆ ಸುಣ್ಣ, ಖಾರ ಹಚ್ಚದೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಪಶು ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ.

ಕೊನೆಯದಾಗಿ

ರಾಜಾ ಈಗಲೂ ಗುಡ್ಡಕ್ಕೆ ಬರುತ್ತಾನೆ, ಚಳಿಗಾಲದಲ್ಲಿ ಮಾತ್ರ. ದಾರಿಯಲ್ಲಿ ಎಲ್ಲಿ ನಿಲ್ಲಬೇಕು ಎಂಬುದನ್ನು ಈಗ ಕರಿಯಾ ತೀರ್ಮಾನಿಸುತ್ತದೆ. ಅದು ನೆರಳಿಗೆ ಹೋದರೆ ನಾವೂ ಹೋಗುತ್ತೇವೆ. ಬಿಟ್ಟ ನಾಯಿಗೆ ನೆರಳು ಹುಡುಕಿಕೊಳ್ಳುವ ಬುದ್ಧಿ ಇದೆ. ಬೆಲ್ಟ್ ನಾವು ಹಿಡಿದ ಮೇಲೆ ಆ ಬುದ್ಧಿಯನ್ನು ನಾವೇ ಉಪಯೋಗಿಸಬೇಕು.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ:

ನಾಯಿ ದಣಿದರೂ ನಿಮ್ಮ ಹಿಂದೆ ಬರುತ್ತದೆ, ಬಿಸಿಲಲ್ಲಿ ಗುಡ್ಡ ಹತ್ತಿಸಬೇಡಿ. ನೆಲ ಮುಟ್ಟಿ ನೋಡಿ. ನೀರು ಒಯ್ಯಿರಿ. ಬಿಸಿಲು ಬಡಿದು ಬಿದ್ದರೆ ಮೊದಲು ನೀರು ಸುರಿದು ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ ಒಯ್ಯಿರಿ. ತಣ್ಣೀರಿನಿಂದ ನಾಯಿ ಸಾಯುವುದಿಲ್ಲ, ತಡ ಮಾಡಿದರೆ ಸಾಯುತ್ತದೆ.